ಟಿಬಿ ಮಾತ್ರೆ ನುಂಗಿದ ಮಗುವಿನ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಸಿಗುವುದು ಹೇಗೆ?

"ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು, ಕೊನೆಗೆ ನೋಡಿದರೆ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ." ಇಂಥ ಸುದ್ದಿ ಆಗಾಗ ಎಲ್ಲಿಂದಲೋ ಬರುತ್ತದೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಾಲ್ಕು ದಿನ ಓಡಾಡುತ್ತದೆ. ಓದಿದವರ ತಲೆಯಲ್ಲಿ ಮೂರು ಅನುಮಾನ ಉಳಿಯುತ್ತವೆ. ಟಿಬಿಯೇ ಕ್ಯಾನ್ಸರ್ ಆಗಿ ತಿರುಗಿತೇ? ಮಾತ್ರೆಯಿಂದ ಗಡ್ಡೆ ಬಂತೇ? ಡಾಕ್ಟರು ಕಣ್ಣುಮುಚ್ಚಿ ಔಷಧ ಬರೆದರೇ? ಮೊದಲೆರಡಕ್ಕೂ ಉತ್ತರ, ಇಲ್ಲ. ಗಡ್ಡೆ ಮೊದಲಿನಿಂದಲೂ ಅಲ್ಲೇ ಇತ್ತು, ಟಿಬಿಯಂತೆ ಕಾಣುತ್ತಿತ್ತು. ಮೂರನೆಯ ಪ್ರಶ್ನೆಗೆ ಅಷ್ಟು ಸಲೀಸಾದ ಉತ್ತರವಿಲ್ಲ.

ಇದರ ಜೊತೆಗೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಯಿತು. ಹಾಗಾದರೆ ದಾವಣಗೆರೆ, ಚಿತ್ರದುರ್ಗದ ಮಕ್ಕಳನ್ನು ಇನ್ನು ಬೆಂಗಳೂರಿಗೆ ಕರೆದೊಯ್ಯಬೇಕಿಲ್ಲವೇ? ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂಬುದರಷ್ಟೇ ಮುಖ್ಯ, ರೋಗದ ಹೆಸರು ಯಾವಾಗ ತಿಳಿಯುತ್ತದೆ ಎಂಬುದು.

ರಕ್ತದ ರಿಪೋರ್ಟ್ ಎರಡೂ ಕಡೆ ಒಂದೇ

ಜ್ವರ ಬಂದರೆ ಸೋಂಕು ಎಂಬುದು ನಮ್ಮೆಲ್ಲರ ಲೆಕ್ಕ. ಆದರೆ ಜ್ವರ ತರಿಸುವುದು ರೋಗಾಣು ನೇರವಾಗಿ ಅಲ್ಲ; ರೋಗಾಣುವನ್ನು ಕಂಡು ನಮ್ಮ ರಕ್ಷಣಾ ಕೋಶಗಳು ಬಿಡುವ ರಾಸಾಯನಿಕಗಳು. ಅವುಗಳಲ್ಲಿ ಮುಖ್ಯವಾದದ್ದು ಇಂಟರ್‌ಲ್ಯೂಕಿನ್-6. ಕೆಲವು ಗಡ್ಡೆಗಳು ರೋಗಾಣುವಿನ ಸುಳಿವೇ ಇಲ್ಲದೆ ಇದೇ ರಾಸಾಯನಿಕವನ್ನು ಸುರಿಸುತ್ತವೆ. ಅದು ಮೆದುಳಿಗೆ ಹೋದರೆ ಜ್ವರ. ಲಿವರ್‌ಗೆ ಹೋದರೆ ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಸಿಆರ್‌ಪಿ ಏರುತ್ತದೆ, ಜೊತೆಗೆ ಇಎಸ್‌ಆರ್ ಕೂಡ. ಅದೇ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು ಕಬ್ಬಿಣವನ್ನು ಉಗ್ರಾಣದಲ್ಲೇ ಬೀಗ ಹಾಕಿಡುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಟಾನಿಕ್ ಕುಡಿಸಿದರೂ ಹಿಮೋಗ್ಲೋಬಿನ್ ಏರುವುದಿಲ್ಲ. ಪ್ಲೇಟ್‌ಲೆಟ್ ಹೆಚ್ಚಾಗುತ್ತದೆ, ಹಸಿವು ಸಾಯುತ್ತದೆ, ತೂಕ ಇಳಿಯುತ್ತದೆ.

ಈ ರಿಪೋರ್ಟನ್ನು ಟಿಬಿ ಮಗುವಿನ ರಿಪೋರ್ಟ್ ಪಕ್ಕದಲ್ಲಿಟ್ಟರೆ ಗುರುತು ಹಿಡಿಯುವುದು ಕಷ್ಟ. ಇಎಸ್‌ಆರ್ ಜಾಸ್ತಿ ಇದೆ, ಹಾಗಾಗಿ ಸೋಂಕೇ ಎನ್ನುವ ಮಾತಿಗೆ ಆಧಾರವಿಲ್ಲ. ದೇಹ ಯಾವುದೋ ಒಂದರ ಜೊತೆ ಬಡಿದಾಡುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಟಿಬಿಗಾಗಿ ತೋಳಿನ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯದೂ ಇದೇ ಕಥೆ. ಟಿಬಿ ರೋಗಾಣು ಎಂದೋ ಮೈಯೊಳಗೆ ಬಂದು ಹೋಗಿದ್ದರೂ ತೋಳು ಕೆಂಪಾಗಿ ಊದಬಹುದು. ತೀರಾ ಸೊರಗಿದ ಮಗುವಿನಲ್ಲಿ ನಿಜವಾದ ಟಿಬಿ ಇದ್ದರೂ ಊದದೇ ಇರಬಹುದು.

ಬಲಗಡೆ ಕೆಳಹೊಟ್ಟೆ: ಒಂದೇ ಜಾಗಕ್ಕೆ ಇಬ್ಬರು

ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗ ಹೊಟ್ಟೆಯ ಬಲ ಕೆಳಭಾಗದಲ್ಲಿದೆ. ಅಲ್ಲಿ ರಕ್ಷಣಾ ಕೋಶಗಳು ತುಂಬಿರುವ ದುಗ್ಧ (ಲಿಂಫ್) ಅಂಗಾಂಶ ದಟ್ಟವಾಗಿದೆ. ಹೊಟ್ಟೆಯ ಟಿಬಿಗೆ ಇಷ್ಟವಾದ ಜಾಗ ಅದೇ. ಬರ್ಕಿಟ್ ಲಿಂಫೋಮಾ ಎಂಬ ಮಕ್ಕಳ ಕ್ಯಾನ್ಸರ್ ಹೊಟ್ಟೆಯಲ್ಲಿ ಬಂದರೆ ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ಅಪೆಂಡಿಕ್ಸ್ ಇರುವುದೂ ಅಲ್ಲೇ ಆದ್ದರಿಂದ ಕೆಲವರು ಮೊದಲು ಅಪೆಂಡಿಸೈಟಿಸ್ ಎಂದು ಆಪರೇಷನ್ ಟೇಬಲ್ ಮೇಲೆ ಮಲಗುತ್ತಾರೆ.

ಸ್ಕ್ಯಾನಿಂಗ್‌ನಲ್ಲಿ ಎರಡಕ್ಕೂ ಕರುಳಿನ ಗೋಡೆ ದಪ್ಪ, ಸುತ್ತ ಗಂಟುಗಳು, ಹೊಟ್ಟೆಯಲ್ಲಿ ನೀರು. ಆ ನೀರನ್ನು ತೆಗೆದು ಎಡಿಎ ಎಂಬ ಕಿಣ್ವದ ಪರೀಕ್ಷೆಗೆ ಕಳಿಸಿದರೆ ಟಿಬಿಯಲ್ಲಿ ಅದು ಏರಿರುತ್ತದೆ. ಲಿಂಫೋಮಾದಲ್ಲೂ ಏರಿರಬಹುದು, ಇಲ್ಲೇ ಹಲವರು ಎಡವುವುದು. ಟಿಬಿ ಪತ್ತೆಗೆ ಬಳಸುವ ಸಿಬಿನ್ಯಾಟ್ ಕಫದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹೊಟ್ಟೆಯ ನೀರಿನಲ್ಲಿ ರೋಗಾಣು ತೀರಾ ವಿರಳವಾದ್ದರಿಂದ ಬಹಳ ಸಲ 'ಇಲ್ಲ' ಎಂದೇ ಹೇಳುತ್ತದೆ. ಹಾಗಾಗಿ ನೆಗೆಟಿವ್ ಬಂದರೂ ವೈದ್ಯರು ಟಿಬಿ ಔಷಧ ಶುರು ಮಾಡುವುದು ತಪ್ಪೇನಲ್ಲ. ಆದರೆ ಯಾವ ಪರೀಕ್ಷೆಯೂ 'ಹೌದು' ಎನ್ನದೆ ಶುರುವಾದ ಚಿಕಿತ್ಸೆ ಅದು ಎಂಬುದು ಫೈಲಿನಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕು.

ಎರಡನ್ನೂ ಬೇರೆ ಮಾಡುವ ದೊಡ್ಡ ಸುಳಿವು ವೇಗ. ಹೊಟ್ಟೆಯ ಟಿಬಿ ವಾರ, ತಿಂಗಳುಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಬರ್ಕಿಟ್ ಕೋಶಗಳು ಒಂದೆರಡು ದಿನಕ್ಕೇ ದುಪ್ಪಟ್ಟಾಗಬಲ್ಲವು. ಮನುಷ್ಯರಿಗೆ ಬರುವ ಕ್ಯಾನ್ಸರ್‌ಗಳಲ್ಲೇ ಅತಿ ವೇಗದ್ದು. ಹೋದ ಸೋಮವಾರ ಸರಿಯಾಗಿ ಕೂರುತ್ತಿದ್ದ ಚಡ್ಡಿಯ ಎಲಾಸ್ಟಿಕ್ ಈ ಸೋಮವಾರ ಹೊಟ್ಟೆಗೆ ಗೆರೆ ಕೊರೆಯುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಕೋಶಗಳು ವೇಗವಾಗಿ ಹುಟ್ಟಿ ಸಾಯುವಾಗ ಹೆಚ್ಚುವ ಎಲ್‌ಡಿಎಚ್ ಮತ್ತು ಯೂರಿಕ್ ಆಸಿಡ್ ರಕ್ತದಲ್ಲಿ ಬಹಳ ಏರಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಎರಡೂ ಸಾಧಾರಣ ಲ್ಯಾಬಿನಲ್ಲೇ ಆಗುವ ಪರೀಕ್ಷೆಗಳು. ಇನ್ನೊಂದು ಸುಳಿವು: ಕರುಳೊಳಗೆ ಕರುಳು ಹೊಕ್ಕುವ ಇಂಟಸಸೆಪ್ಶನ್ ಸಾಮಾನ್ಯವಾಗಿ ಎರಡು ವರ್ಷದೊಳಗಿನ ಕೂಸುಗಳ ಸಮಸ್ಯೆ. ಏಳೆಂಟು ವರ್ಷದ ಮಗುವಿಗೆ ಅದು ಆದರೆ, ಕರುಳನ್ನು ಎಳೆಯುತ್ತಿರುವ ಗಂಟು ಯಾವುದು ಎಂದು ಹುಡುಕದೆ ಬಿಡಬಾರದು.

ಕುರಿ ಸೀಮೆಯ ನೀರುಗುಳ್ಳೆ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಜಗಳೂರು ಕಡೆ ಕುರಿ ಸಾಕಣೆ ಹೆಚ್ಚು. ಕುರಿ ಇದ್ದಲ್ಲಿ ನಾಯಿ ಇರುತ್ತದೆ, ಎರಡೂ ಇದ್ದಲ್ಲಿ ಹೈಡಾಟಿಡ್ ಜಂತುವಿನ ಭಯವೂ ಇರುತ್ತದೆ. ಕುರಿಯ ರೋಗಪೀಡಿತ ಒಳಾಂಗ ತಿಂದ ನಾಯಿಯ ಮಲದಲ್ಲಿ ಜಂತಿನ ಮೊಟ್ಟೆ ಬರುತ್ತದೆ. ಅದು ಮಗುವಿನ ಕೈಯಿಂದ ಬಾಯಿಗೆ ಹೋದರೆ ಲಿವರ್‌ನಲ್ಲಿ ನೀರು ತುಂಬಿದ ಗುಳ್ಳೆ ನಿಧಾನಕ್ಕೆ ಬೆಳೆಯುತ್ತದೆ. ಹೀಗಾಗಿ ಈ ಭಾಗದ ಮಗುವಿನ ಲಿವರ್‌ನಲ್ಲಿ 'ಸಿಸ್ಟ್' ಕಂಡರೆ ಹೈಡಾಟಿಡ್ ನೆನಪಾಗುವುದು ಸಹಜ. ಆಲ್ಬೆಂಡಜೋಲ್ ಮಾತ್ರೆ ತಿಂಗಳುಗಟ್ಟಲೆ ನಡೆಯುತ್ತದೆ.

ಇದೇ ವೇಷದಲ್ಲಿ ಬರುವ ಅಪರೂಪದ ಗಡ್ಡೆಯೊಂದಿದೆ: ಲಿವರ್‌ನ ಎಂಬ್ರಿಯೋನಲ್ ಸಾರ್ಕೋಮಾ. ಹೆಚ್ಚಾಗಿ ಆರರಿಂದ ಹತ್ತು ವರ್ಷದವರಿಗೆ, ಹೊಟ್ಟೆನೋವು, ಕೆಲವೊಮ್ಮೆ ಜ್ವರದ ಜೊತೆ. ಇದರ ಒಳಗೆ ಲೋಳೆಯಂಥ, ನೀರಿನಂಶ ಜಾಸ್ತಿ ಇರುವ ವಸ್ತು ತುಂಬಿರುತ್ತದೆ. ಸಿಟಿ ಸ್ಕ್ಯಾನ್ ನೋಡುವುದು ಸಾಂದ್ರತೆಯನ್ನು. ನೀರಿನಂಶ ಕಂಡು ಅದು 'ಸಿಸ್ಟ್' ಎನ್ನುತ್ತದೆ. ಅಲ್ಟ್ರಾಸೌಂಡ್‌ಗೆ ಒಳಗಿನ ರಚನೆ ಕಾಣುತ್ತದೆ. ಅದು 'ಗಟ್ಟಿ ಗಡ್ಡೆ' ಎನ್ನುತ್ತದೆ. ದುಬಾರಿ ಯಂತ್ರದ ಮಾತೇ ನಿಜವಿರಬೇಕು ಎಂದುಕೊಂಡು ಅಲ್ಟ್ರಾಸೌಂಡ್ ಹಾಳೆಯನ್ನು ಪಕ್ಕಕ್ಕಿಟ್ಟರೆ ಕೆಟ್ಟಿತು. ಈ ಎರಡು ರಿಪೋರ್ಟ್‌ಗಳ ಜಗಳವೇ ಇಲ್ಲಿ ರೋಗದ ಗುರುತು. ಹೈಡಾಟಿಡ್ ಆಗಿದ್ದರೆ ಗುಳ್ಳೆಯೊಳಗೆ ಮರಿಗುಳ್ಳೆಗಳೋ, ಕಳಚಿ ತೇಲುವ ಪೊರೆಯೋ ಅಲ್ಟ್ರಾಸೌಂಡ್‌ನಲ್ಲೇ ಕಾಣುವುದುಂಟು.

ಪರೀಕ್ಷೆಗೆ ತುಣುಕು ತೆಗೆಯಲು (ಬಯಾಪ್ಸಿ) ಸೂಜಿ ಹಾಕುವ ಮೊದಲು ಇದು ಇತ್ಯರ್ಥವಾಗಬೇಕು. ಹೈಡಾಟಿಡ್ ಗುಳ್ಳೆಯ ನೀರು ಹೊಟ್ಟೆಯೊಳಗೆ ಸೋರಿದರೆ ಜೀವಕ್ಕೇ ಕುತ್ತಾಗುವ ಅಲರ್ಜಿ ಆಗಬಹುದು. ಸಾರ್ಕೋಮಾ ಒಡೆದರೆ ಕ್ಯಾನ್ಸರ್ ಕೋಶ ಹೊಟ್ಟೆತುಂಬ ಚೆಲ್ಲುತ್ತದೆ. ಎಎಫ್‌ಪಿ ಎಂಬ ರಕ್ತಪರೀಕ್ಷೆ ನಾರ್ಮಲ್ ಬಂದಿದೆ, ಹಾಗಾಗಿ ಕ್ಯಾನ್ಸರ್ ಇಲ್ಲ ಎಂದೂ ನೆಮ್ಮದಿಪಡುವಂತಿಲ್ಲ. ಅದು ಮೂರು ವರ್ಷದೊಳಗಿನವರಿಗೆ ಹೆಚ್ಚಾಗಿ ಬರುವ ಹೆಪಟೋಬ್ಲಾಸ್ಟೋಮಾದಲ್ಲಿ ಏರುವಂಥದ್ದು. ಸಾರ್ಕೋಮಾದಲ್ಲಿ ಸಾಮಾನ್ಯವಾಗಿ ಏರುವುದಿಲ್ಲ.

ಬಯಾಪ್ಸಿಯಲ್ಲೂ 'ಉರಿಯೂತ' ಎಂದೇ ಬರುವ ಗಡ್ಡೆ

ಸೋಂಕಿನ ನಾಟಕವನ್ನು ಪೂರ್ತಿ ಆಡುವ ಗಡ್ಡೆಯೆಂದರೆ ಇನ್‌ಫ್ಲಮೇಟರಿ ಮಯೋಫೈಬ್ರೋಬ್ಲಾಸ್ಟಿಕ್ ಟ್ಯೂಮರ್. ಕರುಳಿನ ಪೊರೆಯಲ್ಲೋ, ಲಿವರ್ ಬಳಿಯೋ ಬೆಳೆಯುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಕ್ತಹೀನತೆ, ಏರಿದ ಇಎಸ್‌ಆರ್ ಮತ್ತು ಪ್ಲೇಟ್‌ಲೆಟ್ ಎಲ್ಲ ಇರುತ್ತವೆ. ಆ್ಯಂಟಿಬಯಾಟಿಕ್ ಬದಲಿಸಿ ಬದಲಿಸಿ ಕೊಟ್ಟರೂ ಜ್ವರ ಜಗ್ಗುವುದಿಲ್ಲ. ಗಡ್ಡೆಯನ್ನು ಪೂರ್ತಿ ತೆಗೆದರೆ ಜ್ವರವೂ ರಕ್ತದ ಏರುಪೇರೂ ತಾವಾಗಿ ಸರಿಹೋಗುತ್ತವೆ. ಇದನ್ನು ಹಿಂದೆ ಗಡ್ಡೆ ಎಂದೇ ಒಪ್ಪುತ್ತಿರಲಿಲ್ಲ. ಉರಿಯೂತದ 'ಹುಸಿ ಗಡ್ಡೆ' ಎಂದು ಬರೆದು ಬಿಡುತ್ತಿದ್ದರು.

ಸೂಕ್ಷ್ಮದರ್ಶಕದ ಕೆಳಗೂ ಇದು ಮೋಸ ಮಾಡುತ್ತದೆ. ಗಡ್ಡೆಯ ನಿಜವಾದ ಕೋಶಗಳು ಕದಿರಿನಾಕಾರದವು, ಅವುಗಳ ನಡುವೆ ರಕ್ಷಣಾ ಕೋಶಗಳ ದೊಡ್ಡ ಸಂತೆ. ಸಣ್ಣ ಸೂಜಿ ಆ ಸಂತೆಗೇ ಹೊಕ್ಕರೆ ರಿಪೋರ್ಟ್‌ನಲ್ಲಿ 'ದೀರ್ಘಕಾಲದ ಉರಿಯೂತ' ಎಂದು ಬರುತ್ತದೆ, ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಅಂಥ ರಿಪೋರ್ಟ್ ಬಂದಾಗ ಕೇಳಬೇಕಾದ್ದು ಎರಡು: ತುಣುಕು ಸಾಕಷ್ಟು ದೊಡ್ಡದಿತ್ತೇ? ಎಎಲ್‌ಕೆ ಎಂಬ ಪ್ರೋಟೀನಿಗೆ ಬಣ್ಣ ಹಾಕಿ ನೋಡಿದರೇ? ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಎಎಲ್‌ಕೆ ಜೀನ್ ಬದಲಾಗಿರುತ್ತದೆ. ಇದು ಹೆಸರಿಡಲಷ್ಟೇ ಅಲ್ಲ, ಚಿಕಿತ್ಸೆಗೂ ಬೇಕು: ಆಪರೇಷನ್‌ನಲ್ಲಿ ತೆಗೆಯಲಾಗದ ಎಎಲ್‌ಕೆ ಗಡ್ಡೆಗೆ ಕ್ರಿಜೋಟಿನಿಬ್ ಮಾತ್ರೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಮಕ್ಕಳಿಗೂ ಒಪ್ಪಿತು.

ಮೂತ್ರದಲ್ಲಿ ರಕ್ತ, ಕಾಲುನೋವು

ಕಿಡ್ನಿಯ ವಿಲ್ಮ್ಸ್ ಗಡ್ಡೆ ಹೆಚ್ಚಾಗಿ ಮೂರು-ನಾಲ್ಕು ವರ್ಷದ ಆಸುಪಾಸಿನಲ್ಲಿ, ಸ್ನಾನ ಮಾಡಿಸುವಾಗ ಅಮ್ಮನ ಕೈಗೇ ಮೊದಲು ಸಿಗುತ್ತದೆ. ಮೂತ್ರ ಕೆಂಪಾದರೆ 'ಉರಿಮೂತ್ರ, ಸೋಂಕು' ಎಂದು ಸಿರಪ್ ಬರುತ್ತದೆ. ಮೂತ್ರದ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೆ ರಕ್ತ ಮಾತ್ರ ಇದ್ದರೆ ಅಲ್ಟ್ರಾಸೌಂಡ್ ಮಾಡಿಸಬೇಕು, ಮಕ್ಕಳ ಪಟ್ಟಿ ಕಟ್ಟಿ ಬಿಪಿ ನೋಡಬೇಕು. ಈ ಗಡ್ಡೆಯಲ್ಲಿ ಬಿಪಿ ಏರುವುದು ಸಾಮಾನ್ಯ. ಹೊಟ್ಟೆಯಲ್ಲಿ ಗಂಟು ಸಿಕ್ಕಿತೆಂದು ಮನೆಮಂದಿಯೆಲ್ಲ ಒತ್ತಿ ನೋಡುವುದು ಬೇಡ, ಎಣ್ಣೆ ಹಚ್ಚಿ ನೀವುವುದಂತೂ ಬೇಡವೇ ಬೇಡ. ಒಡೆದ ವಿಲ್ಮ್ಸ್ ಗಡ್ಡೆಯ ಹಂತ ಅಲ್ಲಿಗೇ ಮೇಲಕ್ಕೆ ಹೋಗುತ್ತದೆ, ಚಿಕಿತ್ಸೆ ಬಿರುಸಾಗುತ್ತದೆ.

ನ್ಯೂರೋಬ್ಲಾಸ್ಟೋಮಾ ಎಂಬ ಇನ್ನೊಂದು ಕ್ಯಾನ್ಸರ್ ಹೆಚ್ಚಾಗಿ ಐದು ವರ್ಷದೊಳಗಿನವರದು. ಹೊಟ್ಟೆಯಲ್ಲಿ ಹುಟ್ಟಿ ಮೂಳೆಗೆ ಹರಡಿದಾಗ ಜ್ವರ, ಕುಂಟುನಡಿಗೆ. ಮೂಳೆ ಸೋಂಕೋ ಕೀಲುಜ್ವರವೋ ಎಂಬ ಅನುಮಾನದಲ್ಲಿ ದಿನ ಹೋಗುತ್ತವೆ. ಪೆಟ್ಟು ಬೀಳದೆಯೇ ಕಣ್ಣಿನ ಸುತ್ತ ಕಪ್ಪುಗಟ್ಟಿದರೆ ಹೊಟ್ಟೆಯ ಸ್ಕ್ಯಾನ್ ಆಗಲೇಬೇಕು.

ಮೊದಲು ಔಷಧವೋ, ಮೊದಲು ಬಯಾಪ್ಸಿಯೋ

ವೈದ್ಯರಲ್ಲೇ ಇಲ್ಲಿ ಎರಡು ಪಕ್ಷ. ಒಂದು ಪಕ್ಷದ ವಾದ ಹೀಗೆ: ನಮ್ಮಲ್ಲಿ ಟಿಬಿ ಸಾಮಾನ್ಯ, ಗಡ್ಡೆ ಅಪರೂಪ. ಸೊರಗಿದ ಮಗುವಿಗೆ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು ತುಣುಕು ತೆಗೆಯುವುದು ಹುಡುಗಾಟವಲ್ಲ. ಎಲ್ಲರಿಗೂ ಬಯಾಪ್ಸಿ ಎಂದು ಕುಳಿತರೆ ನಿಜವಾದ ಟಿಬಿ ಮಕ್ಕಳಿಗೆ ಔಷಧ ತಡವಾಗುತ್ತದೆ, ಅದೂ ಪ್ರಾಣ ತೆಗೆಯುತ್ತದೆ. ಇನ್ನೊಂದು ಪಕ್ಷ ಹೇಳುತ್ತದೆ: ಔಷಧ ಕೊಟ್ಟು ನೋಡೋಣ ಎನ್ನುವುದು ಪರೀಕ್ಷೆಯಲ್ಲ, ಕಾಯುವುದು. ಬರ್ಕಿಟ್‌ನಂಥ ರೋಗದಲ್ಲಿ ಕಾಯುವ ಪ್ರತಿ ವಾರವೂ ದುಬಾರಿ.

ಇಬ್ಬರ ಮಾತಿನಲ್ಲೂ ಹುರುಳಿದೆ. ನಮ್ಮ ಪ್ರಕಾರ ಗೆರೆ ಎಳೆಯಬೇಕಾದ್ದು ಸ್ಪಷ್ಟವಾದ ಗಡ್ಡೆ ಇದೆಯೇ ಇಲ್ಲವೇ ಎಂಬಲ್ಲಿ. ಬರೀ ನೀರು, ಸಣ್ಣ ಗಂಟುಗಳು, ನಿಧಾನದ ಜ್ವರ, ಮನೆಯಲ್ಲಿ ಟಿಬಿ ರೋಗಿ ಇದ್ದ ಇತಿಹಾಸ ಇದ್ದರೆ ಔಷಧ ಮೊದಲು ಶುರುವಾಗಲಿ. ಕೈಗೆ ಸಿಗುವ ಅಥವಾ ಸ್ಕ್ಯಾನ್‌ನಲ್ಲಿ ಸ್ಪಷ್ಟ ಕಾಣುವ ಗಡ್ಡೆ ಇದ್ದರೆ ತುಣುಕು ಮೊದಲು, ಔಷಧ ಆಮೇಲೆ. ವಿಲ್ಮ್ಸ್ ಮಾತ್ರ ಇದಕ್ಕೆ ಹೊರತು. ಸ್ಕ್ಯಾನ್‌ನಲ್ಲಿ ಅದರ ಚಿತ್ರ ಸ್ಪಷ್ಟವಿದ್ದರೆ ಅನೇಕ ಕೇಂದ್ರಗಳು ಬಯಾಪ್ಸಿ ಇಲ್ಲದೆಯೇ ಮುಂದುವರಿಯುತ್ತವೆ.

ಬಯಾಪ್ಸಿ ಎಂದರೆ ಕ್ಯಾನ್ಸರ್ ಖಚಿತ ಮಾಡಿಕೊಳ್ಳುವುದಕ್ಕೆ ಮಾತ್ರ ಎಂದೂ ಅಲ್ಲ. ಮೋಸ ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಮಣ್ಣಿನಲ್ಲಿರುವ ಬೇಸಿಡಿಯೋಬೋಲಸ್ ಎಂಬ ಶಿಲೀಂಧ್ರ ಕರುಳಿಗೆ ಸೇರಿದರೆ ಥೇಟ್ ಕ್ಯಾನ್ಸರ್‌ನಂಥ ಗಡ್ಡೆ ಕಟ್ಟುತ್ತದೆ. ರಕ್ತದಲ್ಲಿ ಈಸಿನೋಫಿಲ್ ಎಂಬ ಬಿಳಿ ರಕ್ತಕಣ ಏರಿರುವುದು ಸುಳಿವು, ಶಿಲೀಂಧ್ರನಾಶಕ ಔಷಧ ಮದ್ದು.

ಗಡುವು

ಅಂದಾಜಿನ ಮೇಲೆ ಔಷಧ ಶುರು ಮಾಡುವುದು ನಿರ್ಲಕ್ಷ್ಯವಲ್ಲ. ಅದಕ್ಕೆ ತಾರೀಖು ಹಾಕದಿರುವುದು ನಿರ್ಲಕ್ಷ್ಯ. ಮಕ್ಕಳ ಟಿಬಿ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಔಷಧ, ನಂತರದ ನಾಲ್ಕು ತಿಂಗಳು ಮೂರು. ರೋಗ ಟಿಬಿಯೇ ಆಗಿದ್ದರೆ ಮೊದಲ ಕೆಲವು ವಾರಗಳಲ್ಲೇ ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ, ತೂಕ ಕಚ್ಚಿಕೊಳ್ಳಲು ಶುರುವಾಗುತ್ತದೆ. ಮಾತ್ರೆ ಶುರುವಾದ ದಿನವೇ ಮಗುವಿನ ತೂಕ, ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ, ಸ್ಕ್ಯಾನ್‌ನಲ್ಲಿ ಕಂಡ ಅತಿ ದೊಡ್ಡ ಗಂಟಿನ ಅಳತೆ ಬರೆದಿಡಬೇಕು. ದರ್ಜಿಯ ಟೇಪು ಸಾಕು. ತೂಕ ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ. ಅಂಗನವಾಡಿಯ ತಕ್ಕಡಿಯಾದರೂ ಆದೀತು, ಬದಲಾಯಿಸುವುದು ಬೇಡ.

ತಿಂಗಳಾದರೂ ಜ್ವರ ಬಿಡದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ ಮತ್ತೆ ಸ್ಕ್ಯಾನ್. ಸುತ್ತಳತೆ ವಾರದೊಳಗೆ ಎದ್ದು ಕಾಣುವಷ್ಟು ಏರಿದರೆ ತಿಂಗಳಿಗೂ ಕಾಯಬಾರದು. ಇಲ್ಲೊಂದು ಸಿಕ್ಕು ಇದೆ: ಟಿಬಿ ಔಷಧ ಕೆಲಸ ಮಾಡುತ್ತಿರುವಾಗಲೂ ಕೆಲವರ ಗಂಟುಗಳು ಸ್ವಲ್ಪ ದಿನ ದೊಡ್ಡದಾಗಿ ಆಮೇಲೆ ಇಳಿಯುತ್ತವೆ. ಮೊದಲ ಸಲ ರೋಗಾಣುವೇ ಸಿಕ್ಕಿದ್ದ ಮಗುವಿನಲ್ಲಿ ಇದನ್ನು ಧೈರ್ಯವಾಗಿ ನಂಬಬಹುದು. ಅಂದಾಜಿನ ಮೇಲೆ ಶುರುವಾಗಿದ್ದರೆ ನಂಬುವಂತಿಲ್ಲ, ಆಗ ತುಣುಕು ತೆಗೆಯಲೇಬೇಕು.

ತುಣುಕು ಸಿಗುವವರೆಗೆ ಸ್ಟೀರಾಯ್ಡ್ ಬೇಡ. ಕೆಲವು ಬಗೆಯ ಟಿಬಿಯಲ್ಲಿ ಅದನ್ನು ಕೊಡುವುದುಂಟು. ಜ್ವರ ಇಳಿಸಲು, ಹಸಿವು ಹೆಚ್ಚಿಸಲು ಅದನ್ನೇ ಬರೆಯುವವರೂ ಇದ್ದಾರೆ. ಲಿಂಫೋಮಾ ಸ್ಟೀರಾಯ್ಡ್‌ಗೆ ಮಂಜಿನಂತೆ ಕರಗುತ್ತದೆ, ಆದರೆ ನಾಲ್ಕು ದಿನದ ಮಟ್ಟಿಗೆ. ಮಗು ಚೇತರಿಸಿಕೊಂಡಂತೆ ಕಾಣುತ್ತದೆ, ಆಗ ತೆಗೆದ ತುಣುಕಿನಲ್ಲಿ ಸತ್ತ ಕೋಶ ಬಿಟ್ಟರೆ ಏನೂ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ: ಕೋಶಗಳು ಒಟ್ಟಿಗೆ ಸತ್ತು ಪೊಟ್ಯಾಸಿಯಂ, ಫಾಸ್ಫೇಟ್, ಯೂರಿಕ್ ಆಸಿಡ್ ರಕ್ತಕ್ಕೆ ನುಗ್ಗುತ್ತವೆ. ಕಿಡ್ನಿ ಕಟ್ಟಿಕೊಳ್ಳುತ್ತದೆ, ಹೃದಯದ ಬಡಿತ ತಪ್ಪುತ್ತದೆ.

ತುಣುಕು ಯಾವ ಬಾಟಲಿಗೆ

ಜಿಲ್ಲಾ ಮಟ್ಟದಲ್ಲಿ ಎಲ್ಲ ಸರಿ ನಡೆದೂ ಕೆಲಸ ಕೆಡುವುದು ಇಲ್ಲಿ. ಹೊಟ್ಟೆಯಿಂದ ತೆಗೆದ ಇಡೀ ತುಣುಕು ರೂಢಿಯಂತೆ ಫಾರ್ಮಲಿನ್ ಬಾಟಲಿಗೆ ಬೀಳುತ್ತದೆ. ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ. ಆಮೇಲೆ ಟಿಬಿ ಕಲ್ಚರ್ ಮಾಡಲಾಗುವುದಿಲ್ಲ. ಹಾಗಾಗಿ ಆಪರೇಷನ್‌ಗೆ ಮುಂಚೆಯೇ ಎರಡು ಬಾಟಲಿ ಸಿದ್ಧವಿರಬೇಕು: ಒಂದರಲ್ಲಿ ಶೇ 10ರ ಬಫರ್ಡ್ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಸಲೈನ್‌ನಲ್ಲಿಟ್ಟದ್ದು ಸಿಬಿನ್ಯಾಟ್‌ಗೆ, ಕಲ್ಚರ್‌ಗೆ ಅಂದೇ ಹೋಗಬೇಕು.

ಫಾರ್ಮಲಿನ್ ಕನಿಷ್ಠ ತುಣುಕಿನ ಹತ್ತು ಪಟ್ಟು ಇರಬೇಕು. ಅದು ಅಂಗಾಂಶದೊಳಗೆ ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಇಳಿಯುತ್ತದೆ. ನಿಂಬೆಗಾತ್ರದ ಗಡ್ಡೆಯನ್ನು ಸೀಳದೆ ಸಣ್ಣ ಡಬ್ಬಿಗೆ ತುರುಕಿ ರಾತ್ರಿ ಬಸ್ಸಿಗೆ ಹಾಕಿದರೆ ಹೊರಮೈ ಮಾತ್ರ ಉಳಿದು ಒಳಗೆ ಕೊಳೆತಿರುತ್ತದೆ. ಆಮೇಲೆ ಗಡ್ಡೆಯ ಬಗೆ ಗುರುತಿಸಲು ಹಾಕುವ ಸಿಡಿ20, ಕೆಐ-67, ಎಎಲ್‌ಕೆ ಯಾವ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ, ಮಗುವಿಗೆ ಮತ್ತೊಮ್ಮೆ ಬಯಾಪ್ಸಿ ಆಗಬೇಕು.

ಬೆಂಗಳೂರಿಗೆ ಏನೇನು ಒಯ್ಯಬೇಕು

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್‌ಎಸ್ ವೈದ್ಯಕೀಯ ಸಂಸ್ಥೆ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು ಇವೆ. ಮಗುವನ್ನು ಪರೀಕ್ಷಿಸಿ ಅಲ್ಟ್ರಾಸೌಂಡ್ ಮಾಡಿಸುವ ಮೊದಲ ಹೆಜ್ಜೆಗೆ ಊರು ಬಿಡಬೇಕಿಲ್ಲ. ಕ್ಯಾನ್ಸರ್ ಎಂದು ತಿಳಿದ ಮೇಲೆ ಹೆಚ್ಚಿನವರು ಹೋಗುವುದು ಬೆಂಗಳೂರಿನ ಕಿದ್ವಾಯಿಗೆ, ಇಲ್ಲವೇ ಮಣಿಪಾಲಕ್ಕೆ. ಬರೀ ರಿಪೋರ್ಟ್ ಹಾಳೆ ಹಿಡಿದು ಹೋದರೆ ಅಲ್ಲಿ ಪರೀಕ್ಷೆ ಮೊದಲಿನಿಂದ ಶುರು. ಒಯ್ಯಬೇಕಾದ್ದು ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್, ಸ್ಕ್ಯಾನ್‌ನ ಸಿಡಿ, ಡಿಸ್ಚಾರ್ಜ್ ಸಾರಾಂಶ, ಇದುವರೆಗೆ ಕೊಟ್ಟ ಎಲ್ಲ ಔಷಧಗಳ ಪಟ್ಟಿ. ಬೈಸಿಕೊಳ್ಳುತ್ತೇವೆಂದು ಟಿಬಿ ಮಾತ್ರೆಯ ವಿಷಯ ಮುಚ್ಚಿಡಬಾರದು: ಅದರಲ್ಲಿರುವ ರಿಫಾಂಪಿಸಿನ್ ಎಂಬ ಔಷಧ ಮೈಯಲ್ಲಿದ್ದರೆ ಬೇರೆ ಹಲವು ಔಷಧಗಳನ್ನು ಲಿವರ್ ಬೇಗ ಕರಗಿಸಿಬಿಡುತ್ತದೆ, ಕೀಮೋ ಲೆಕ್ಕ ತಪ್ಪುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಪತ್ರವನ್ನು ಮೊದಲು ಮಾಡಿಸಿಕೊಂಡೇ ಹೊರಡುವುದು ಒಳ್ಳೆಯದು. ಅಲ್ಲಿಗೆ ಹೋಗಿ ಅದಕ್ಕಾಗಿ ವಾಪಸ್ ಬರುವುದೆಂದರೆ ದಾವಣಗೆರೆಯಿಂದ ಒಂದು ಕಡೆಗೇ ಸುಮಾರು 260 ಕಿಲೋಮೀಟರ್.

ಡೇ ಕೇರ್ ಕೇಂದ್ರ ಬಂದರೆ ಏನು ಬದಲಾಗುತ್ತದೆ

ರೋಗದ ಹೆಸರು ಪತ್ತೆಯಾಗುವುದು ಅದರಿಂದ ಬೇಗವಾಗುವುದಿಲ್ಲ. ಡೇ ಕೇರ್ ಎಂದರೆ ಬೇರೆಡೆ ನಿರ್ಧಾರವಾದ ಕೀಮೋವನ್ನು ಹಗಲು ಹೊತ್ತಿನಲ್ಲಿ ಕೊಟ್ಟು ಸಂಜೆ ಮನೆಗೆ ಕಳಿಸುವ ಜಾಗ. ವಿಲ್ಮ್ಸ್‌ಗೆ ಕೊಡುವ ವಿನ್‌ಕ್ರಿಸ್ಟಿನ್‌ನಂಥ ಇಂಜೆಕ್ಷನ್‌ಗೆ ಪದೇ ಪದೇ ಬೆಂಗಳೂರಿಗೆ ಓಡುವುದು ತಪ್ಪಬಹುದು, ದಿನಗೂಲಿ ಉಳಿಯಬಹುದು. ದೂರ ಮತ್ತು ಖರ್ಚಿಗೆ ಅಂಜಿ ನಡುವೆ ಚಿಕಿತ್ಸೆ ಬಿಡುವ ಮಕ್ಕಳಿಗೆ ಇದೇ ದೊಡ್ಡ ಲಾಭ. ಬರ್ಕಿಟ್‌ಗೆ ಅದು ಒಗ್ಗುವುದಿಲ್ಲ: ಹಗಲಿರುಳು ಸಲೈನ್, ದಿನಕ್ಕೆ ಹಲವು ಸಲ ರಕ್ತಪರೀಕ್ಷೆ, ಪಕ್ಕದಲ್ಲಿ ಐಸಿಯು ಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ, ಬಡ ದೇಶಗಳಲ್ಲಿ ಶೇ 30ಕ್ಕೂ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಡವಾಗಿ ತಿಳಿಯುವುದು, ತಪ್ಪು ಹೆಸರಿಡುವುದು, ನಡುವೆ ಬಿಡುವುದು ಈ ಅಂತರಕ್ಕೆ ಕಾರಣಗಳಲ್ಲಿ ಮುಖ್ಯವಾದವು. ಡೇ ಕೇರ್ ಮೂರನೆಯದನ್ನು ಮಾತ್ರ ಮುಟ್ಟುತ್ತದೆ.

ಕೀಮೋ ಊರಲ್ಲೇ ಸಿಗತೊಡಗಿದಾಗ ಜಿಲ್ಲಾ ಆಸ್ಪತ್ರೆ ಇನ್ನೊಂದಕ್ಕೆ ತಯಾರಾಗಬೇಕು. ಕೀಮೋ ಪಡೆದ ಮಗುವಿಗೆ ಬಿಳಿ ರಕ್ತಕಣ ಕುಸಿದಿರುತ್ತದೆ. ಆಗ ಬರುವ ಜ್ವರವನ್ನು ಸೋಂಕು ಎಂದೇ ಹಿಡಿಯಬೇಕು, ಗಡ್ಡೆಯೋ ಸೋಂಕೋ ಎಂಬ ಚರ್ಚೆಗೆ ಸಮಯವಿಲ್ಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆವರೆಗೆ ನೋಡುವಂತಿಲ್ಲ, ಗುದದ್ವಾರದಲ್ಲಿ ಥರ್ಮಾಮೀಟರ್ ಇಡುವಂತಿಲ್ಲ. ರಕ್ತದ ಕಲ್ಚರ್ ತೆಗೆದು, ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಹೋಗಬೇಕು. ಬೆಂಗಳೂರಿನ ಫೈಲ್ ಇರುವ ಮಗು ಎಂದು ಚಿತ್ರದುರ್ಗದ ಜೋಗಿಮಟ್ಟಿ ಏರಿಯಾದಿಂದಲೋ ಹರಿಹರದಿಂದಲೋ ನೇರ ಬೆಂಗಳೂರಿಗೆ ಆಂಬುಲೆನ್ಸ್ ಹತ್ತಿಸುವುದು ಅಪಾಯ. ಆ ಮೊದಲ ಡೋಸ್ ಹತ್ತಿರದ ಆಸ್ಪತ್ರೆಯಲ್ಲೇ ಆಗಬೇಕು, ಪ್ರಯಾಣ ಆಮೇಲೆ.